ಕೊಟ್ಟಿಗೆ ಗೋಡೆಗೆ ಒರಗಿದ ಸೈಕಲ್ಲು ಗುಜರಿಗೆ ಹೋಗಬೇಕಿಲ್ಲ

ಗುಜರಿ ಟೆಂಪೋ ನಮ್ಮ ಬೀದಿಗೆ ಬಂದದ್ದು ಏಪ್ರಿಲ್ ಕೊನೆಯಲ್ಲಿ. ‘ಹಳೇ ಕಬ್ಬಿಣ, ಹಳೇ ಪ್ಲಾಸ್ಟಿಕ್, ಹಳೇ ಸೈಕಲ್’ ಅಂತ ಮೈಕಿನಲ್ಲಿ ಕೂಗಿಸುತ್ತಾ ಬಂದರು. ನಮ್ಮ ಅತ್ತಿಗೆ ಅಷ್ಟರಲ್ಲಿ ಕೊಟ್ಟಿಗೆ ಹಿಂದೆ ಒರಗಿಸಿದ್ದ ಸೈಕಲ್ಲನ್ನು ಎಳೆದು ಬಾಗಿಲ ಮುಂದೆ ತಂದು ಮಲಗಿಸಿದ್ದರು. ಹಿಂದಿನ ಚಕ್ರ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಟೈರು ಬಿಸಿಲಿಗೆ ಬಿರುಕು ಬಿಟ್ಟಿತ್ತು. ಮೂರು ಕೋಳಿ ಮರಿ ಅದರ ಕ್ಯಾರಿಯರ್ ಮೇಲೆ ಮಲಗಿ ಅಭ್ಯಾಸ ಮಾಡಿಕೊಂಡಿದ್ದವು.

ತಕ್ಕಡಿಗೆ ಏರುವ ಮೊದಲು ಅಣ್ಣನ ಮಗಳು ಓಡಿಬಂದಳು. ‘ಚಿಕ್ಕಪ್ಪಾ, ಅದು ಅತ್ತೆ ಸೈಕಲ್ ಅಲ್ವಾ? ನಂಗೆ ರೆಡಿ ಮಾಡಿಸ್ಕೊಡು. ಜೂನ್‌ಗೆ ಹೈಸ್ಕೂಲ್‌ಗೆ ಹೋಗಕ್ಕೆ ಬೇಕು.’

ಅವಳು ಹೇಳಿದ್ದು ಸರಿ. ಅದು ನಮ್ಮ ತಂಗಿಗೆ 2007ರಲ್ಲಿ, ಎಂಟನೇ ತರಗತಿಯಲ್ಲಿ, ಸರ್ಕಾರದಿಂದ ಬಂದ ಸೈಕಲ್ಲು. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿ ಆಗಿದ್ದಾಗ, 2006-07ರಲ್ಲಿ ಶುರುವಾದ ಯೋಜನೆ ಅದು. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ಲು ಕೊಡುತ್ತಿದ್ದರು. ನಮ್ಮೂರಿನ ಹೆಣ್ಣುಮಕ್ಕಳು ಏಳನೇ ಕ್ಲಾಸಿಗೇ ನಿಲ್ಲದೆ ನಾಲ್ಕು ಕಿಲೋಮೀಟರ್ ದೂರದ ಹೈಸ್ಕೂಲಿಗೆ ಸಾಲಾಗಿ ಹೋಗುತ್ತಿದ್ದದ್ದನ್ನು ನಾವು ಕಣ್ಣಾರೆ ಕಂಡವರು. ಕೋವಿಡ್ ಬಂತು, ಸೈಕಲ್ ಕೊಡುವುದು ನಿಂತಿತು. ಆಮೇಲೆ ಶಾಲೆ ಶುರುವಾದರೂ ಸೈಕಲ್ ಬರಲಿಲ್ಲ.

ಈಗ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಅಮ್ಮನೂ ಘಾಟಿ ಸುಬ್ರಹ್ಮಣ್ಯಕ್ಕೆ ಮೂರು ಸಲ ಹೋಗಿಬಂದರು. ಸಂತೋಷ. ಆದರೆ ಉಚಿತ ಬಸ್ಸು ಹತ್ತಬೇಕಾದರೆ ಮೊದಲು ಬಸ್ಸು ಬರಬೇಕು. ನಮ್ಮೂರಿಗೆ ಬೆಳಿಗ್ಗೆ ಒಂದು, ಸಂಜೆ ಒಂದು. ಬೆಳಗಿನದು ಶಾಲೆ ಬೆಲ್ಲಿಗೆ ಒಂದು ಗಂಟೆ ಮೊದಲೇ ಬಿಟ್ಟುಹೋಗುತ್ತೆ. ಸಂಜೆಯದು ಸ್ಪೆಷಲ್ ಕ್ಲಾಸು ಮುಗಿಯುವ ಮೊದಲೇ ಹೋಗಿರುತ್ತೆ.

ಹಾಗಾಗಿ ಸೈಕಲ್ಲನ್ನು ತಕ್ಕಡಿಯಿಂದ ಇಳಿಸಿದೆವು. ಗುಜರಿಯವರು ಬೇಜಾರು ಮಾಡಿಕೊಂಡರು. ಫ್ರೇಮಿನ ತೂಕ ಅವರಿಗೆ ಚೆನ್ನಾಗಿ ಗೊತ್ತಿತ್ತು. ಎರಡು ರಾತ್ರಿ ಡೀಸೆಲ್ ಹಾಕಿ ಬಿಟ್ಟು ಉಜ್ಜಿದಾಗ ನಮಗೂ ಗೊತ್ತಾಯಿತು. ಒಂದು ಕೀಲೂ ಬಿಟ್ಟಿಲ್ಲ, ಎಲ್ಲೂ ಬಿರುಕಿಲ್ಲ. ಮುಂದಿನ ಚಕ್ರವೂ ನೆಟ್ಟಗೆ ತಿರುಗುತ್ತಿತ್ತು. ಕೆಟ್ಟಿದ್ದು ಹಿಂದಿನ ಚಕ್ರ ಒಂದೇ.

ಊರಲ್ಲಿ ಒಂದು ಸುತ್ತು ಹಾಕಿ ನೋಡಿ. ಹಿತ್ತಲಲ್ಲಿ, ಕಣದ ಪಕ್ಕ, ಕೊಟ್ಟಿಗೆ ಗೋಡೆಗೆ ಒರಗಿರುವ ಸೈಕಲ್ಲುಗಳಲ್ಲಿ ಬಹುಪಾಲು ಕೂತಿರುವುದು ಹಿಂದಿನ ಚಕ್ರದಿಂದಲೇ. ಅದಕ್ಕೆ ಕಾರಣ ಇದೆ. ತುಳಿಯುವವರ ಭಾರ ಹೆಚ್ಚಾಗಿ ಬೀಳುವುದು ಹಿಂದಕ್ಕೆ. ಕ್ಯಾರಿಯರ್ ಮೇಲೆ ಹಾಲಿನ ಕ್ಯಾನು, ಹಿಂಡಿ ಮೂಟೆ, ಸೀಮೆಹುಲ್ಲಿನ ಹೊರೆ, ಇಲ್ಲವೇ ತಮ್ಮ. ಚೈನು ಎಳೆಯುವುದೂ ಅದನ್ನೇ. ಒಂದು ಕಡ್ಡಿ ಮುರಿದರೆ ಅಕ್ಕಪಕ್ಕದ ಕಡ್ಡಿಗಳ ಮೇಲೆ ಅದರ ಭಾರ ಬೀಳುತ್ತೆ, ಆಮೇಲೆ ಅವು ಮುರಿಯುತ್ತವೆ. ಚೈನಿನ ಕಡೆಯ ಕಡ್ಡಿ ಮುರಿದರಂತೂ ಫ್ರೀವೀಲ್ ಬಿಚ್ಚದೆ ಹೊಸದು ಹಾಕಲಾಗದು. ‘ನಾಳೆ ಬನ್ನಿ’ ಅನ್ನುತ್ತಾರೆ ಅಂಗಡಿಯವರು. ನಾಳೆ ಹೋಗುವುದಿಲ್ಲ ನಾವು. ಒಂದು ಹಳ್ಳಕ್ಕೆ ಬಿದ್ದ ದಿನ ರಿಮ್ಮು ಹಪ್ಪಳ ಆಗುತ್ತೆ.

ಸರಿ, ಒಂದು ಚಕ್ರ ತಂದು ಹಾಕಿದರೆ ಆಯಿತಲ್ಲ ಅಂತ ನಾವೂ ಅಂದುಕೊಂಡೆವು. ಅಲ್ಲೇ ಎಡವಿದ್ದು.

ತಾಲ್ಲೂಕು ಪೇಟೆಯ ಒಂದು ಅಂಗಡಿಗೆ ಬರಿಗೈಯಲ್ಲಿ ಹೋದೆವು. ಫೋನಿನಲ್ಲಿ ಸೈಕಲ್ಲಿನ ಫೋಟೋ ಇತ್ತು. ‘ಎಷ್ಟು ಇಂಚು?’ ಅಂದರು. ಹಳೆ ಟೈರ್ ಮೇಲೆ 26 ಅಂತ ಓದಿದ್ದು ನೆನಪಿತ್ತು, ‘ಇಪ್ಪತ್ತಾರು’ ಅಂದೆವು. ಪಳಪಳ ಹೊಳೆಯುವ ಅಲ್ಯೂಮಿನಿಯಂ ಚಕ್ರ ಕೊಟ್ಟರು. ದುಡ್ಡು ಕೊಟ್ಟು, ಬೈಕಿನ ಹಿಂದೆ ಕಟ್ಟಿಕೊಂಡು ಬಂದೆವು. ವರದಿಗಾರಿಕೆ ಡಿಪ್ಲೊಮಾದಲ್ಲಿ ನಮಗೆ ಕಲಿಸಿದ ಮೊದಲ ಪಾಠ ‘ಎರಡು ಕಡೆ ವಿಚಾರಿಸಿ ಬರೆಯಿರಿ’ ಅಂತ. ಚಕ್ರ ಕೊಳ್ಳುವಾಗ ಒಂದು ಕಡೆಯೂ ವಿಚಾರಿಸಲಿಲ್ಲ.

ಘಾಟಿ ದನಗಳ ಜಾತ್ರೆಯಲ್ಲಿ ಒಂಟಿ ಎತ್ತಿಗೆ ಜೋಡಿ ಹುಡುಕುವವರನ್ನು ನೋಡಿದ್ದೀರಲ್ಲ. ಮನೆಯ ಎತ್ತಿನ ಎತ್ತರ, ಕೊಂಬು, ನಡಿಗೆ ಎಲ್ಲ ತಲೆಯಲ್ಲಿಟ್ಟುಕೊಂಡೇ ಬರುತ್ತಾರೆ. ಕೆಲವರು ಎತ್ತನ್ನೇ ಹೊಡೆದುಕೊಂಡು ಬಂದು ಪಕ್ಕಕ್ಕೆ ನಿಲ್ಲಿಸಿ ನೋಡುತ್ತಾರೆ. ಹಳೆ ಫ್ರೇಮಿಗೆ ಹೊಸ ಚಕ್ರ ತರುವುದೂ ಅದೇ ಕೆಲಸ. ನಾವು ಫೋಟೋ ತೋರಿಸಿ ಎತ್ತು ಕೊಂಡಂಗಾಯಿತು.

ಮನೆಗೆ ಬಂದು ನೋಡಿದರೆ ಹಳೆ ಸೈಕಲ್ಲಿನ ಟೈರು 26 × 1⅜. ಹೊಸ ಚಕ್ರ 26 × 1.75ರ ಟೈರಿಗೆ ಮಾಡಿದ್ದು. ಎರಡೂ ಇಪ್ಪತ್ತಾರೇ. ಆದರೆ ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ಟೈರಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಅಂಕಿ ಅಚ್ಚಾಗಿರುತ್ತೆ, 37-590 ಅಂತಲೋ 47-559 ಅಂತಲೋ. ನಿಜವಾದ ಅಳತೆ ಅದು. ಕೊನೆಯ ಮೂರು ಅಂಕಿ ಅಂದರೆ ರಿಮ್ಮಿನಲ್ಲಿ ಟೈರು ಕೂರುವ ಜಾಗದ ಅಡ್ಡಳತೆ, ಮಿಲಿಮೀಟರ್ ಲೆಕ್ಕದಲ್ಲಿ. ಅದು ಹೊಂದಿದರೆ ಮಾತ್ರ ಟೈರು ಹೊಂದುತ್ತೆ. ನಮ್ಮದು 590, ತಂದದ್ದು 559. ನಮ್ಮ ತಾತಂದಿರು ತುಳಿದ ದೊಡ್ಡ ಸೈಕಲ್ಲಿನದು 28 × 1½, ಅದು 635. ಭಿನ್ನರಾಶಿಯಲ್ಲಿ ಬರೆದದ್ದನ್ನು ದಶಮಾಂಶಕ್ಕೆ ತಿರುಗಿಸಿ ಓದಬೇಡಿ. ಕಣಕ್ಕಿನಲ್ಲಿ 1¾ ಅಂದರೂ 1.75 ಅಂದರೂ ಒಂದೇ. ಸೈಕಲ್ ಟೈರಿನಲ್ಲಿ ಅವು ಬೇರೆ ಬೇರೆ ರಿಮ್ಮಿನವು. ಯಾರು ಮಾಡಿಟ್ಟ ಅವ್ಯವಸ್ಥೆಯೋ, ಅನುಭವಿಸುವವರು ನಾವು.

ಇನ್ನೊಂದು ಗೊಂದಲವನ್ನೂ ಇಲ್ಲೇ ಹೇಳಿಬಿಡುತ್ತೇವೆ. ‘ನಮ್ಮದು ಇಪ್ಪತ್ತೆರಡು ಇಂಚಿನ ಸೈಕಲ್’, ‘ಇಪ್ಪತ್ನಾಲ್ಕು ಇಂಚಿಂದು’ ಅನ್ನುತ್ತಾರೆ ಹಿರಿಯರು. ಅದು ಚಕ್ರದ ಅಳತೆ ಅಲ್ಲ, ಫ್ರೇಮಿನ ಎತ್ತರ. ಆ ಎರಡರಲ್ಲೂ ಸಾಮಾನ್ಯವಾಗಿ ಇರುವುದು 28ರ ಚಕ್ರವೇ. ಅಂಗಡಿಗೆ ಹೋಗಿ ‘ಇಪ್ಪತ್ನಾಲ್ಕರ ಚಕ್ರ ಕೊಡಿ’ ಅಂದರೆ ಮಕ್ಕಳ ಸೈಕಲ್ಲಿನ ಚಕ್ರ ಕೊಟ್ಟಾರು.

ನಾವು ಅಲ್ಲಿಗೂ ಬುದ್ಧಿ ಕಲಿಯಲಿಲ್ಲ. ಚಕ್ರಕ್ಕೆ ತಕ್ಕ ಹೊಸ ಟೈರು, ಟ್ಯೂಬು ತಂದೆವು. ಈಗ ಆಕ್ಸಲ್ ಕೂರುತ್ತಿಲ್ಲ. ಫ್ರೇಮಿನ ಹಿಂದಿನ ಎರಡು ಸೀಳುಗಳ ನಡುವೆ ಒಳಗಿನಿಂದ ಒಳಗೆ ಸ್ಕೇಲ್ ಇಟ್ಟರೆ 115 ಮಿಲಿಮೀಟರ್. ಹೊಸ ಚಕ್ರ ಗೇರ್ ಸೈಕಲ್ಲಿನದು, ಅದಕ್ಕೆ ಬೇಕಾದದ್ದು 135. ಎರಡು ಸೆಂಟಿಮೀಟರ್ ಕಡಿಮೆ. ಅಣ್ಣ ‘ಅದೇನ್ ಮಹಾ, ಕಬ್ಬಿಣ ತಾನೆ’ ಅಂತ ಒಂದು ಕಡೆ ಕಾಲಿಟ್ಟು ಇನ್ನೊಂದು ಕಡೆ ಕೈಯಲ್ಲಿ ಎಳೆದ. ಫ್ರೇಮು ಅಗಲ ಆಯಿತು. ಚಕ್ರ ಕೂತಿತು. ಬಲಗಡೆ ಮಡ್‌ಗಾರ್ಡಿಗೆ ಉಜ್ಜುತ್ತಾ ತಿರುಗಿತು. ಎರಡು ಸುತ್ತಿಗೊಮ್ಮೆ ಚೈನು ಬಿತ್ತು.

ಆಮೇಲೆ ಬ್ರೇಕು. ಆ ಸೈಕಲ್ಲಿನದು ರಾಡ್ ಬ್ರೇಕು, ಹಿಡಿ ಒತ್ತಿದರೆ ಕಂಬಿ ಎಳೆದು ರಬ್ಬರು ರಿಮ್ಮಿನ ಒಳಮೈಗೆ, ಅಂದರೆ ಹಬ್ಬಿನ ಕಡೆಗಿರುವ ಮೈಗೆ, ಒತ್ತಿಕೊಳ್ಳುತ್ತೆ. ಹೊಸ ಅಲ್ಯೂಮಿನಿಯಂ ರಿಮ್ಮಿಗೆ ರಬ್ಬರು ಒತ್ತುವಂಥ ಒಳಮೈ ಇಲ್ಲ. ಅದನ್ನು ಮಾಡಿದ್ದು ಎರಡು ಪಕ್ಕದಿಂದ ಕಚ್ಚಿ ಹಿಡಿಯುವ ಬ್ರೇಕಿಗೆ. ಪಕ್ಕದಿಂದ ಹಿಡಿಯುವ ಬ್ರೇಕು ಇದ್ದವರಿಗೂ ಅಳತೆ ತಪ್ಪಿದರೆ ಇದೇ ಪಾಡು. 590ರ ಜಾಗಕ್ಕೆ 559 ಹಾಕಿದರೆ ರಿಮ್ಮು ಸುತ್ತಲೂ ಹದಿನೈದೂವರೆ ಮಿಲಿಮೀಟರ್ ಒಳಗೆ ಸರಿಯುತ್ತೆ, ರಬ್ಬರು ಟೈರನ್ನೇ ತಿನ್ನುತ್ತೆ. ಅಣ್ಣನ ಪರಿಹಾರ ಸುಲಭದ್ದು. ಹಿಂದಿನ ಬ್ರೇಕನ್ನು ಬಿಚ್ಚಿ ಅಟ್ಟದ ಮೇಲೆ ಎಸೆದ. ‘ಮುಂದಿನ ಬ್ರೇಕ್ ಐತಲ್ಲ, ಸಾಕು.’

ನಮ್ಮೂರಿನ ದಾರಿ ಕೆರೆ ಏರಿಯಿಂದ ಜಾರಿ ನೇರ ಮೇನ್ ರೋಡಿಗೆ ಸೇರುತ್ತೆ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಸುತ್ತಿಕೊಂಡು ಲಾರಿ, ಟಿಪ್ಪರ್, ಕಂಟೇನರ್ ಹರಿಯುವ ಸೀಮೆ ಇದು. ಆ ಇಳಿಜಾರಿನಲ್ಲಿ ಹದಿಮೂರು ವರ್ಷದ ಹುಡುಗಿ ಒಂದೇ ಬ್ರೇಕಿನಲ್ಲಿ, ಬಲಕ್ಕೆ ಎಳೆಯುವ ಚಕ್ರದಲ್ಲಿ, ಬೆನ್ನ ಮೇಲೆ ಎಂಟು ಕಿಲೋ ಬ್ಯಾಗು ಹೊತ್ತು ಇಳಿಯಬೇಕು. ಅಪಘಾತದ ಸುದ್ದಿ ಬರೆದು ಬರೆದು ನಮಗೆ ಅದರ ವಾಕ್ಯಗಳು ಬಾಯಿಪಾಠ ಆಗಿವೆ. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಸೈಕಲ್ಲು, ಹಳೆ ಚಕ್ರ, ಹೊಸ ಚಕ್ರ, ಅಟ್ಟದ ಮೇಲಿನ ಬ್ರೇಕು ಎಲ್ಲವನ್ನೂ ಒಂದು ಲಗೇಜ್ ಆಟೋಗೆ ಹಾಕಿಕೊಂಡು ದೊಡ್ಡಬಳ್ಳಾಪುರಕ್ಕೆ ಹೋದೆವು.

ಅಲ್ಲಿ ಮಗ್ಗದ ಮನೆಗಳ ಸಾಲಿನ ನಡುವೆ ಹಳೆ ಸೈಕಲ್ ರಿಪೇರಿ ಅಂಗಡಿ ಒಂದಿದೆ. ಯಜಮಾನರಿಗೆ ಎಪ್ಪತ್ತು ದಾಟಿರಬೇಕು. ಒಂದು ಕಾಲದಲ್ಲಿ ಪಾಳಿ ಮುಗಿಸಿ ಬರುವ ಮಗ್ಗದ ಕಾರ್ಮಿಕರ ಸೈಕಲ್ಲು ಅಂಗಡಿ ಮುಂದೆ ಸಾಲುಗಟ್ಟಿರುತ್ತಿದ್ದವಂತೆ. ಸೈಕಲ್ಲಿಗೂ ಬಿಲ್ಲೆ ಹಾಕಿಸಬೇಕಿದ್ದ, ದೀಪ ಇಲ್ಲದೆ ರಾತ್ರಿ ಹೋದರೆ ಪೊಲೀಸರು ಗಾಳಿ ಬಿಡುತ್ತಿದ್ದ ಕಾಲ. ಈಗ ಅವರಿಗೆ ದಿನಕ್ಕೆ ನಾಲ್ಕು ಪಂಚರ್ ಬಂದರೆ ಹೆಚ್ಚು, ಅದರಲ್ಲಿ ಮೂರು ಸ್ಕೂಟರಿನವು.

ಹೊಸ ಚಕ್ರವನ್ನು ಕೈಯಲ್ಲಿ ಹಿಡಿದು ತಿರುಗಿಸಿ, ‘ಚೆನ್ನಾಗೈತೆ. ನಿಮ್ಮ ಸೈಕಲ್ಲಿಂದಲ್ಲ’ ಅಂದರು. ಫ್ರೇಮು ನೋಡಿದ ಮೇಲೆ ನಮ್ಮ ಮುಖ ನೋಡಿದರು. ‘ಏನ್ರೀ ಪೇಪರ್‌ನೋರೆ, ಇದನ್ನ ಯಾರು ತುಳ್ದಿದ್ದು?’ ಅಣ್ಣ ಜೊತೆಗೆ ಬರದೇ ಇದ್ದದ್ದು ಒಳ್ಳೆಯದಾಯಿತು.

ಅವರು ಮಾಡಿದ ಮೊದಲ ಕೆಲಸ ನಮಗೆ ಬಹಳ ಇಷ್ಟವಾಯಿತು. ಮಗ್ಗದ ದಾರ ಒಂದನ್ನು ತೆಗೆದುಕೊಂಡು ಹಿಂದಿನ ಒಂದು ಸೀಳಿಗೆ ಕಟ್ಟಿದರು. ಅದನ್ನು ಹ್ಯಾಂಡಲ್ ಕೆಳಗಿನ ಕೊಳವೆ ಸುತ್ತಿಸಿ ತಂದು ಇನ್ನೊಂದು ಸೀಳಿಗೆ ಬಿಗಿಯಾಗಿ ಕಟ್ಟಿದರು. ಸೀಟಿನ ಕೆಳಗಿನ ಕೊಳವೆಗೂ ದಾರಕ್ಕೂ ಇರುವ ಅಂತರವನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಅಳೆದರು. ಎರಡೂ ಒಂದೇ ಆಗಿರಬೇಕು. ನಮ್ಮದರಲ್ಲಿ ಬಲಗಡೆ ಎಂಟು ಮಿಲಿಮೀಟರ್ ಹೆಚ್ಚಿತ್ತು. ಅಣ್ಣ ಎಳೆದ ಕಡೆ. ಹಳೆಯ ಉಕ್ಕಿನ ಫ್ರೇಮು ಆದ್ದರಿಂದ ಮತ್ತೆ ಬಗ್ಗಿಸಿ ಸರಿಗೆ ತಂದರು. ಉಕ್ಕಾದರೆ ಎರಡೂ ಕಡೆ ಸಮನಾಗಿ ನಾಲ್ಕೈದು ಮಿಲಿಮೀಟರ್ ಅಗಲಿಸಿದರೆ ತಡೆಯುತ್ತೆ, ಇಪ್ಪತ್ತು ಅಂದರೆ ಬೆಸುಗೆಗೆ ಆಪತ್ತು ಅಂದರು. ಅಲ್ಯೂಮಿನಿಯಂ ಫ್ರೇಮನ್ನಂತೂ ಹಾಗೆ ಬಗ್ಗಿಸಲೇಬಾರದು, ಬಿರುಕು ಬಿಡುತ್ತೆ. ಭಾನುವಾರ ನಸುಕಿನಲ್ಲಿ ಬೆಂಗಳೂರಿನಿಂದ ದೇವನಹಳ್ಳಿ ಮೇಲೆ ನಂದಿಬೆಟ್ಟಕ್ಕೆ ತುಳಿಯುವವರ ಸೈಕಲ್ಲು ನೋಡಿ ಆಸೆಪಟ್ಟು ಅಂಥದ್ದನ್ನು ಹಳೆಯದು ಕೊಳ್ಳುವವರು ಈ ಮಾತು ನೆನಪಿಡಬೇಕು.

ಆಮೇಲೆ ಹೇಳಿದ್ದು ಮುಖ್ಯ ಮಾತು. ‘ಚಕ್ರ ಹೋಯ್ತು ಅಂತೀರಿ. ಹೋಗಿರೋದು ರಿಮ್ಮು. ಹಬ್ಬು ಹೋಗಿಲ್ಲವಲ್ಲ.’

ಹಳೆ ಚಕ್ರದ ಹಬ್ಬಿನ ಆಕ್ಸಲ್ಲನ್ನು ಬೆರಳಲ್ಲಿ ತಿರುಗಿಸಿ ತೋರಿಸಿದರು. ಮರಳಿನ ಹಾಗೆ ಕರಕರ ಅನ್ನುತ್ತಿತ್ತು. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗುಂಡು ಹಾಕಿದರು. ಹಿಂದಿನ ಚಕ್ರಕ್ಕೆ ಕಾಲು ಇಂಚಿನ ಗುಂಡು, ಒಂದು ಕಡೆಗೆ ಒಂಬತ್ತು. ಒಂದು ಕೋನ್ ಸವೆದಿತ್ತು, ಬದಲಾಯಿಸಿದರು. ಗ್ರೀಸು ತುಂಬಿದರು. ಈಗ ಆಕ್ಸಲ್ ಬೆಣ್ಣೆಯ ಹಾಗೆ ತಿರುಗಿತು. ಹದಿನೆಂಟು ವರ್ಷದ ಹಳೆ ಹಬ್ಬು!

ಹಬ್ಬು ಉಳಿಸಿಕೊಂಡರೆ ಅರ್ಧ ತಲೆನೋವು ಅಲ್ಲಿಗೇ ಹೋಗುತ್ತೆ. ಫ್ರೇಮಿನ ಅಗಲಕ್ಕೆ ಅದು ಮೊದಲೇ ಹೊಂದಿದೆ. ಚೈನಿನ ಸಾಲಿಗೆ ಹೊಂದಿದೆ. ಫ್ರೀವೀಲಿನ ಮರೆ ಹೊಂದಿದೆ. ಬೇಕಾದದ್ದು ಅದೇ ಅಳತೆಯ ರಿಮ್ಮು, ಅದಕ್ಕೆ ತಕ್ಕ ಉದ್ದದ ಕಡ್ಡಿ. ಆದರೆ ಕೊಳ್ಳುವ ಮೊದಲು ಹಬ್ಬಿನ ತೂತು ಎಣಿಸಬೇಕು. ನಮ್ಮ ದೇಶದ ಹಳೆ ಸೈಕಲ್ಲುಗಳಲ್ಲಿ ಹಿಂದಿನ ಚಕ್ರಕ್ಕೆ 40 ಕಡ್ಡಿ, ಮುಂದಿನದಕ್ಕೆ 32. ಹೊಸ ಸೈಕಲ್ಲುಗಳಲ್ಲಿ ಎರಡಕ್ಕೂ 36 ಬರುವುದುಂಟು. 40 ತೂತಿನ ಹಬ್ಬಿಗೆ 36ರ ರಿಮ್ಮು ಯಾವ ದೇವರು ಬಂದರೂ ಕೂರಿಸಲಾಗದು. ನಮ್ಮ ಹಬ್ಬಿನಲ್ಲಿ 40 ಇತ್ತು. ಯಜಮಾನರು ಮಾಳಿಗೆಯಿಂದ 590ರ, 40 ತೂತಿನ, ರಾಡ್ ಬ್ರೇಕಿನ ಉಕ್ಕಿನ ರಿಮ್ಮು ಇಳಿಸಿದರು. ಕಾಗದ ಸುತ್ತಿದ್ದು ಸುತ್ತಿದ ಹಾಗೇ ಇತ್ತು.

ಕಡ್ಡಿ ಹೆಣೆಯಲು ಒಂದೂವರೆ ಗಂಟೆ ಹಿಡಿಯಿತು. ಮೊದಲು ಒಂದು ಕಡೆಯವು, ಆಮೇಲೆ ಇನ್ನೊಂದು ಕಡೆಯವು, ಒಂದರ ಮೇಲೊಂದು ಹಾಯಿಸಿ ಹಾಯಿಸಿ. ಪಕ್ಕದ ಮನೆಯಲ್ಲಿ ಮಗ್ಗ ಸದ್ದು ಮಾಡುತ್ತಿತ್ತು, ಇಲ್ಲಿ ಇವರು ಬಾಯಲ್ಲಿ ನಿಪ್ಪಲ್ ಕಚ್ಚಿಕೊಂಡು ನೇಯುತ್ತಿದ್ದರು. ಆಮೇಲೆ ಬೆಂಡು ತೆಗೆಯುವುದು. ಸೀಮೆಸುಣ್ಣದ ತುಂಡನ್ನು ರಿಮ್ಮಿನ ಪಕ್ಕ ಹಿಡಿದು ಚಕ್ರ ತಿರುಗಿಸುತ್ತಾರೆ. ಸುಣ್ಣ ತಾಗಿದ ಕಡೆ ರಿಮ್ಮು ಹೊರಬಂದಿದೆ ಅಂತ ಅರ್ಥ. ಅಲ್ಲಿ ಎದುರು ಬದಿಯ ಕಡ್ಡಿ ಕಾಲು ಸುತ್ತು ಬಿಗಿ, ಈ ಬದಿಯದು ಕಾಲು ಸುತ್ತು ಸಡಿಲ. ಮತ್ತೆ ತಿರುಗಿಸು. ಮತ್ತೆ ಸುಣ್ಣ. ಕೊನೆಗೆ ಎಲ್ಲೂ ತಾಗದೆ ಚಕ್ರ ನೆಟ್ಟಗೆ ನೀರಿನ ಹಾಗೆ ಸುತ್ತಿತು.

ಚೈನಿಗೂ ಒಂದು ಪರೀಕ್ಷೆ ಇದೆ, ಮನೆಯಲ್ಲೇ ಮಾಡಬಹುದು. ಚೈನನ್ನು ಬಿಗಿಯಾಗಿ ಎಳೆದು ಒಂದು ಪಿನ್ನಿನ ನಡುವಿಗೆ ಸ್ಕೇಲಿನ ಸೊನ್ನೆ ಇಡಿ. 12 ಇಂಚಿನ ಗೆರೆ ಸರಿಯಾಗಿ ಇನ್ನೊಂದು ಪಿನ್ನಿನ ನಡುವೆ ಬಂದರೆ ಚೈನು ಚೆನ್ನಾಗಿದೆ. ಪಿನ್ನು ಗೆರೆ ದಾಟಿ ಇಂಚಿನ ಎಂಟನೇ ಒಂದು ಭಾಗ ಮುಂದೆ ಹೋಗಿದ್ದರೆ ಸವೆದಿದೆ. ಅಂಥ ಚೈನಿಗೆ ಹೊಸ ಫ್ರೀವೀಲ್ ಹಾಕಿದರೆ ಜೋರಾಗಿ ತುಳಿದಾಗ ಹಲ್ಲು ಬಿಟ್ಟು ಜಿಗಿಯುತ್ತೆ. ಏರಿನಲ್ಲಿ ನಿಂತು ತುಳಿಯುವ ಮಗು ಬಾರಿನ ಮೇಲೆ ಬೀಳುತ್ತೆ. ಆದ್ದರಿಂದ ಬದಲಾಯಿಸಿದರೆ ಎರಡನ್ನೂ ಬದಲಾಯಿಸಿ, ಇಲ್ಲವೇ ಎರಡನ್ನೂ ಹಳೆಯದೇ ಇಟ್ಟುಕೊಳ್ಳಿ. ಚಕ್ರ ಕೂರಿಸಿದ ಮೇಲೆ ಚೈನು ನಡುವಿನಲ್ಲಿ ಮೇಲಕ್ಕೆ ಕೆಳಕ್ಕೆ ಸುಮಾರು ಅರ್ಧ ಇಂಚು ಆಡಬೇಕು. ತೀರಾ ಬಿಗಿ ಇದ್ದರೆ ಹಬ್ಬು ಸವೆಯುತ್ತೆ.

ಒಟ್ಟು ಖರ್ಚು ಹೊಸ ಸೈಕಲ್ಲಿನ ಬೆಲೆಯ ಐದನೇ ಒಂದು ಭಾಗವೂ ಆಗಲಿಲ್ಲ. ನಾವು ಮೊದಲು ಕೊಂಡ ಹೊಳೆಯುವ ಚಕ್ರದ ದುಡ್ಡೇ ಅದಕ್ಕಿಂತ ಜಾಸ್ತಿ. ಅದನ್ನು ವಾಪಸ್ ತೆಗೆದುಕೊಳ್ಳಲಿಲ್ಲ, ತೂಕದ ಟೈರಿನ ಜೊತೆ ಈಗಲೂ ಅಟ್ಟದ ಮೇಲಿದೆ. ಅಂಗಡಿಯವರ ತಪ್ಪು ಅಂತ ಪೂರ್ತಿ ಹೇಳಲಾರೆವು. ಆದರೆ ‘ಹಳೆ ಚಕ್ರ ತಂದಿದ್ದೀರಾ?’ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಇಷ್ಟು ಹೇಳಿದ್ದು ನಮ್ಮ ಮನೆ ಕಥೆ ಹೇಳಲಿಕ್ಕಲ್ಲ. ಉಚಿತ ಸೈಕಲ್ ಮತ್ತೆ ಕೊಡಬೇಕು ಅನ್ನುವ ಬೇಡಿಕೆ ಆಗಾಗ ಏಳುತ್ತೆ. ಕೊಡಲಿ, ಕೊಡಲೇಬೇಕು ಅನ್ನುವವರು ನಾವು. ಆದರೆ ಹಿಂದೆ ಸೈಕಲ್ ವಿತರಣೆಯ ಎಷ್ಟೋ ಸಮಾರಂಭಗಳಿಗೆ ನಾವೇ ಹೋಗಿ ಫೋಟೋ ತೆಗೆದು ಸುದ್ದಿ ಕಳಿಸಿದ್ದೇವೆ. ಹಾರ ಹಾಕಿದ ಸೈಕಲ್ಲು, ಕೀ ಕೊಡುವ ಗಣ್ಯರು. ಗುಣಮಟ್ಟದ ಬಗ್ಗೆ ದೂರು ಬಂದಾಗ ಅದನ್ನೂ ಬರೆದಿದ್ದೇವೆ. ಎರಡು ವರ್ಷದ ಮೇಲೆ ಹಿಂದಿನ ಚಕ್ರ ಹೋದರೆ ಏನು ಮಾಡಬೇಕು ಅಂತ ಯಾವ ವೇದಿಕೆಯ ಮೇಲೂ ಯಾರೂ ಹೇಳಿದ್ದು ನಾವು ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ನಾವೂ ಕೇಳಲಿಲ್ಲ.

ಸೈಕಲ್ಲಿನ ಆಯಸ್ಸು ಅದರ ಬಣ್ಣದಲ್ಲಿ ಇಲ್ಲ, ಅದರ ಚಕ್ರ ಹೋಬಳಿ ಪೇಟೆಯಲ್ಲಿ ಸಿಗುತ್ತದೋ ಇಲ್ಲವೋ ಅನ್ನುವುದರಲ್ಲಿ ಇದೆ. ತಾತನ ಕಾಲದ ಸೈಕಲ್ಲು ಇನ್ನೂ ಓಡುವುದು ಯಾಕೆ? ಲುಧಿಯಾನದ ಹೀರೋ, ಚೆನ್ನೈ ಅಂಬತ್ತೂರಿನ ಟಿ.ಐ. ಕಂಪನಿಯ ಹರ್ಕ್ಯುಲಸ್, ಹರಿಯಾಣದ ಸೋನಿಪತ್‌ನಲ್ಲಿ ಹುಟ್ಟಿದ ಅಟ್ಲಾಸ್, ಎಲ್ಲರೂ ಆ ದೊಡ್ಡ ಸೈಕಲ್ಲಿಗೆ ಒಂದೇ ಅಳತೆಯ ಚಕ್ರ ಮಾಡಿದರು. ಒಬ್ಬರದು ಇನ್ನೊಬ್ಬರದಕ್ಕೆ ಕೂರುತ್ತೆ. ಅಟ್ಲಾಸ್‌ನವರ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು. ಅವತ್ತು ವಿಶ್ವ ಸೈಕಲ್ ದಿನ, ಅದೊಂದು ವಿಪರ್ಯಾಸ. ಆದರೂ ಅಟ್ಲಾಸ್ ಸೈಕಲ್ಲಿಗೆ ಇವತ್ತೂ ಚಕ್ರ ಸಿಗುತ್ತೆ. ಈಗ ಮಕ್ಕಳು ಕೇಳುವ ದಪ್ಪ ಟೈರಿನ, ಡಿಸ್ಕ್ ಬ್ರೇಕಿನ ಸೈಕಲ್ಲಿಗೆ ಹತ್ತು ವರ್ಷದ ಮೇಲೆ ನಮ್ಮ ಹೋಬಳಿಯಲ್ಲಿ ಚಕ್ರ ಸಿಕ್ಕೀತೆ? ನಮಗೆ ನಂಬಿಕೆ ಇಲ್ಲ.

ಹಾಗಾಗಿ ಸರ್ಕಾರ ಮತ್ತೆ ಸೈಕಲ್ ಕೊಡುವುದಾದರೆ ಟೆಂಡರಿನಲ್ಲಿ ಬಣ್ಣ, ಬುಟ್ಟಿ ಬರೆಯುವ ಮೊದಲು ರಿಮ್ಮಿನ ಮೂರು ಅಂಕಿ, ಕಡ್ಡಿಯ ಎಣಿಕೆ, ಹಬ್ಬಿನ ಅಗಲ ಬರೆಯಲಿ. ಪ್ರತಿ ವರ್ಷ, ಪ್ರತಿ ಕಂಪನಿಯಿಂದ ಅದೇ ಅಳತೆ ಬರಲಿ. ಆ ಅಳತೆಯನ್ನು ಫ್ರೇಮಿನ ಮೇಲೆಯೇ ಕನ್ನಡದಲ್ಲಿ ಅಚ್ಚು ಹಾಕಿಸಲಿ. ನೂರು ಸೈಕಲ್ ಕೊಡುವ ಶಾಲೆಗೆ ಐದು ಹಿಂದಿನ ಚಕ್ರ ಬಿಡಿಯಾಗಿ ಕೊಡಲಿ. ದೊಡ್ಡ ಖರ್ಚಿನ ಮಾತಲ್ಲ ಇದು.

ಚಕ್ರ ಇದ್ದರೂ ಹೆಣೆಯುವವರು ಬೇಕಲ್ಲ. ಆ ಯಜಮಾನರ ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಮೊಮ್ಮಗ ಕಾರ್ಖಾನೆಗೆ ಹೋಗುತ್ತಾನೆ. ಕಡ್ಡಿ ಹೆಣೆಯುವುದು ಇಬ್ಬರಿಗೂ ಬರದು. ತಪ್ಪು ಹೇಳುವಂತಿಲ್ಲ, ದಿನಕ್ಕೆ ನಾಲ್ಕು ಪಂಚರ್‌ನಲ್ಲಿ ಯಾರು ಸಂಸಾರ ಮಾಡುತ್ತಾರೆ? ಆದರೆ ನೆಲಮಂಗಲದ ಅರಿಶಿನಕುಂಟೆಯಲ್ಲಿ ರುಡ್‌ಸೆಟ್ ಸಂಸ್ಥೆ ಇದೆ, ಹಳ್ಳಿ ಹುಡುಗರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುವ ಜಾಗ. ಬೈಕ್ ರಿಪೇರಿ ಕಲಿಯುವವರಿಗೆ ಸೈಕಲ್ ಚಕ್ರ ಕಟ್ಟುವುದನ್ನೂ ಒಂದು ವಾರ ಸೇರಿಸಿ ಕಲಿಸಿದರೆ, ಬೈಕಿನ ಜೊತೆಗೆ ಅದೂ ಅವರ ಕೈಗೆ ಬರುತ್ತೆ. ಹೈಸ್ಕೂಲುಗಳ ಎಸ್‌ಡಿಎಂಸಿಯವರು ಜೂನ್ ಮೊದಲ ವಾರ ಇಂಥ ಒಬ್ಬರನ್ನು ಕರೆಸಿ ಶಾಲೆ ಅಂಗಳದಲ್ಲಿ ಒಂದು ದಿನ ಕೂರಿಸಿದರೆ ಎಷ್ಟು ಸೈಕಲ್ಲು ಎದ್ದು ನಿಲ್ಲುತ್ತವೆ ನೋಡಿ.

‘ಈಗ ಸೈಕಲ್ ಯಾರು ತುಳೀತಾರೆ, ಎಲ್ಲರ ಮನೇಲೂ ಸ್ಕೂಟಿ ಐತೆ’ ಅನ್ನುವವರಿದ್ದಾರೆ. ನಿಜ, ಹೈಸ್ಕೂಲು ಹುಡುಗರು ಮೂವರು ಮೂವರು ಒಂದೇ ಗಾಡಿಯಲ್ಲಿ ಬರುವುದನ್ನು ದಿನಾ ನೋಡುತ್ತೇವೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆಗಿದೆ. ಲೈಸೆನ್ಸ್ ವಯಸ್ಸು ಆಗದ ಮಕ್ಕಳು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಅಪ್ಪನಿಗೋ, ಗಾಡಿಯ ಮಾಲೀಕನಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ದಂಡದ ಮಾತು ಬಿಡಿ. ಹದಿಮೂರು ವರ್ಷದ ಮಗು ಕಾನೂನಿಗೆ ಹೆದರದೆ, ಪೆಟ್ರೋಲಿಗೆ ಕೈಚಾಚದೆ, ಬಸ್ಸಿಗೆ ಕಾಯದೆ ಹೋಗಬಹುದಾದ ಗಾಡಿ ಸೈಕಲ್ ಒಂದೇ.

ಜೂನ್ ಎರಡನೇ ವಾರದಿಂದ ಅಣ್ಣನ ಮಗಳು ಹೋಗಿಬರುತ್ತಿದ್ದಾಳೆ. ಮೊದಲ ವಾರ ಸೀಟು ಎತ್ತರ ಅಂತ ಅತ್ತಳು, ಅರ್ಧ ಇಂಚು ಇಳಿಸಿದೆವು. ಹೊಸದಾಗಿ ಕಟ್ಟಿದ ಚಕ್ರದ ಕಡ್ಡಿಗಳು ಕೂತ ಮೇಲೆ ಸ್ವಲ್ಪ ಸಡಿಲ ಆಗುತ್ತವೆ, ಹದಿನೈದು ದಿನಕ್ಕೆ ಒಮ್ಮೆ ತಂದು ತೋರಿಸಿ ಅಂದಿದ್ದರು ಯಜಮಾನರು. ಹೋಗಿದ್ದೆವು. ಮೂರು ಕಡ್ಡಿ ಬಿಗಿ ಮಾಡಿ, ಆಕ್ಸಲ್ ನಟ್ಟು ಇನ್ನೊಂದು ಎಳೆ ಎಳೆದು, ದುಡ್ಡು ಬೇಡ ಅಂದರು. ತಂಗಿ ವಿಜಯಪುರದಿಂದ ಬಂದವಳು ತನ್ನ ಸೈಕಲ್ಲು ನೋಡಿ, ‘ಬೆಲ್ ಮಾತ್ರ ನಂದಲ್ಲ ಕಣೋ ಅಣ್ಣ, ಯಾವಾಗ ಬದಲಾಯಿಸಿದ್ರಿ?’ ಅಂದಳು.

ಪಕ್ಕದ ಮನೆಯ ಹಿತ್ತಲಲ್ಲಿ ಇನ್ನೊಂದು ಇದೆ, ಗಂಡು ಮಕ್ಕಳದು, ಹಿಂದಿನ ಚಕ್ರ ಸೊಟ್ಟ. ನಿನ್ನೆ ಸಂಜೆ ಸ್ಕೇಲ್ ತೆಗೆದುಕೊಂಡು ಹೋಗಿ ಬರೆದುಕೊಂಡೆವು. ಟೈರ್ ಮೇಲೆ 635. ಕಡ್ಡಿ 40. ರಾಡ್ ಬ್ರೇಕು. ಹಬ್ಬು ತಿರುಗುತ್ತಿದೆ. ಸೋಮವಾರ ಪೇಟೆಗೆ ಹೋಗುವಾಗ ಆ ಸೊಟ್ಟ ಚಕ್ರವನ್ನೂ ಬೈಕಿಗೆ ಕಟ್ಟಿಕೊಂಡು ಹೋಗುತ್ತೇವೆ.